ಕೆಂಪು ಶಾಯಿ ಮತ್ತು ಐದು ಕಿಲೋ ಮರದ ತುಂಡು

ಭೌತಶಾಸ್ತ್ರಕ್ಕೂ ನನಗೂ ಮೊದಲಿನಿಂದ ಎಣ್ಣೆ-ಸೀಗೆಕಾಯಿ ಸಂಬಂಧ. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಸೂತ್ರಗಳಿಗೆಲ್ಲ ಎಳ್ಳುನೀರು ಬಿಟ್ಟು, ಇತಿಹಾಸ, ಕನ್ನಡ ಎಂದು ಹಾಯಾಗಿ ಬಿ.ಎ. ಮಾಡಿ, ಆಮೇಲೆ ಬಿ.ಎಡ್. ಮುಗಿಸಿ, ಕದಂಬರು ಹೊಯ್ಸಳರ ಜೊತೆ ಸುಖವಾಗಿದ್ದವಳು ನಾನು. ೨೦೧೧ರ ಜುಲೈನಲ್ಲಿ ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್‌ಮಾಸ್ಟರು ನನ್ನನ್ನು ಕರೆದು, "ಹೊಸಬರು ಬರೋ ತನಕ ಒಂಬತ್ತನೇ ಕ್ಲಾಸಿನ ಭೌತಶಾಸ್ತ್ರ ನೀವೇ ನೋಡ್ಕೊಳ್ಳಿ ಮೇಡಂ" ಎಂದರು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ, "ಆಗಲಿ ಸರ್" ಎಂಬ ಮಾತು ಹೊರಬಿತ್ತು.

ಅಂದಿನಿಂದ ರಾತ್ರಿ ಅಡುಗೆಮನೆ ಸಾರಿಸಿದ ಮೇಲೆ ನನ್ನ ಓದು ಶುರುವಾಗುತ್ತಿತ್ತು. ಶಕ್ತಿಯ ಪಾಠ ಬಂದಾಗ ಮಾತ್ರ ಅಷ್ಟು ಭಯವಾಗಲಿಲ್ಲ. ಅದು ನಮ್ಮ ಮನೆಯ ಜಮಾ-ಖರ್ಚಿನ ಪುಸ್ತಕದಂತೆಯೇ ಇತ್ತು. ಎರಡು ಕಿಲೋದ ಮರದ ತುಂಡು ಐದು ಮೀಟರ್ ಎತ್ತರದ ಇಳಿಜಾರಿನ ತುದಿಯಲ್ಲಿದೆ ಎನ್ನಿ. ಗುರುತ್ವವನ್ನು ಹತ್ತು ಎಂದು ಹಿಡಿದರೆ ಅದರ ಜಮಾ ೧೦೦ ಜೂಲ್. ಕೆಳಗೆ ಬರುವಾಗ ಅದರ ವೇಗ ಸೆಕೆಂಡಿಗೆ ೮ ಮೀಟರ್. ಅಂದರೆ ಕೈಯಲ್ಲಿ ಉಳಿದದ್ದು ೬೪ ಜೂಲ್. ಮಿಕ್ಕ ೩೬ ಎಲ್ಲಿ? ಘರ್ಷಣೆಯ ಬಾಬ್ತು. ಹೊಳೆಯಲ್ಲಿ ಸುರಿದರೂ ಅಳೆದು ಸುರಿ ಎಂಬ ನಮ್ಮ ಅಜ್ಜಿಯ ಮಾತೇ ಶಕ್ತಿ ಸಂರಕ್ಷಣೆಯ ನಿಯಮ!

"ಘರ್ಷಣೆ ತಗೊಂಡಿದ್ದು ಎಲ್ಲಿಗೆ ಹೋಯ್ತು ಮಿಸ್?" ಎಂದು ಹುಡುಗಿಯೊಬ್ಬಳು ಕೇಳಿದಳು. ಪುಸ್ತಕದ ಉತ್ತರ ನನಗೆ ಗೊತ್ತಿತ್ತು, ಆದರೆ ನಾನು ಕೇಳಿದ್ದು ಬೇರೆ: "ಗಿರಣಿಯಿಂದ ರಾಗಿ ಹಿಟ್ಟು ತರುವಾಗ ಚೀಲ ಹೇಗಿರುತ್ತೆ?" ಇಡೀ ತರಗತಿ "ಬಿಸಿ!" ಎಂದಿತು. ಅಲ್ಲಿ ಒಲೆ ಇಲ್ಲ, ಬೆಂಕಿ ಇಲ್ಲ. ಕಲ್ಲಿಗೆ ಕಲ್ಲು, ಕಾಳಿಗೆ ಕಲ್ಲು ಉಜ್ಜಿದ್ದಷ್ಟೆ. ೧೭೯೮ರಲ್ಲಿ ರಮ್‌ಫೋರ್ಡ್ ಎಂಬಾತ ಫಿರಂಗಿ ಕೊರೆಯುವಾಗ ಏಳುವ ಬಿಸಿಯನ್ನು ಕಂಡು ಇದನ್ನೇ ಯೋಚಿಸಿದ್ದ. ಆಮೇಲೆ ಬಿಯರ್ ತಯಾರಿಸುವವನ ಮಗ ಜೂಲ್ ಅದನ್ನು ಅಳೆದೇಬಿಟ್ಟ. ಇತಿಹಾಸದ ಮೇಡಂ ಅಲ್ಲವೇ, ಈ ಕಥೆಗಳನ್ನು ಹೇಳುವಾಗ ನನಗೂ ಹುರುಪು. ೨೫೩ ಮೀಟರ್ ಮೇಲಿಂದ ಬೀಳುವ ಜೋಗದ ನೀರಿನ ಶಕ್ತಿಯೆಲ್ಲ ಆ ನೀರಿನಲ್ಲೇ ಬಿಸಿಯಾಗಿ ಉಳಿದರೂ ಏರುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೇ ಎಂದಾಗ ಮಕ್ಕಳು ಬಾಯಿ ಬಿಟ್ಟರು. ನನಗೆ ಜಂಬ ಬಂತು. ಜಂಬ ಬಂದಲ್ಲಿ ಜಾರುವುದೂ ಇದೆಯಲ್ಲ!

ಕಿರುಪರೀಕ್ಷೆಗೆ ಹಳೆಯ ಗೈಡೊಂದರಿಂದ ಒಂದು ಲೆಕ್ಕ ಆರಿಸಿದೆ. ಐದು ಕಿಲೋ ಮರದ ತುಂಡು ಸೆಕೆಂಡಿಗೆ ೪ ಮೀಟರ್ ವೇಗದಲ್ಲಿ ಸಮತಟ್ಟಾದ ನೆಲದ ಮೇಲೆ ಜಾರುತ್ತಿದೆ. ಘರ್ಷಣ ಬಲ ಅದರ ತೂಕದ ಐದರಲ್ಲಿ ಎರಡು ಪಾಲು. ಎಷ್ಟು ದೂರ ಹೋಗಿ ನಿಲ್ಲುತ್ತದೆ? ಚಲನ ಶಕ್ತಿ ೪೦ ಜೂಲ್. ತೂಕ ೫೦ ನ್ಯೂಟನ್, ಘರ್ಷಣೆ ೨೦ ನ್ಯೂಟನ್. ನಲವತ್ತನ್ನು ಇಪ್ಪತ್ತರಿಂದ ಭಾಗಿಸಿದರೆ ೨ ಮೀಟರ್.

ಹಿಂದಿನ ಬೆಂಚಿನ ಹುಡುಗನೊಬ್ಬ, ಸಂಜೆ ಮಂಡಿಯಲ್ಲಿ ಮೂಟೆ ದಬ್ಬುತ್ತಿದ್ದವನು, ಒಂದೇ ಸಾಲು ಬರೆದಿದ್ದ: ಹದಿನಾರನ್ನು ಎಂಟರಿಂದ ಭಾಗಿಸಿದರೆ ಎರಡು ಮೀಟರ್, ತೂಕ ಬೇಡ. ನನಗೆ ಸಿಟ್ಟು ಬಂತು. ಕೊಟ್ಟ ಐದು ಕಿಲೋವನ್ನು ಮುಟ್ಟಿಯೇ ಇಲ್ಲ, ಉತ್ತರ ಮಾತ್ರ ಸರಿ! ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, "ದ್ರವ್ಯರಾಶಿ ಎಲ್ಲಿ?" ಎಂದು ಬರೆದೆ. ಅಷ್ಟಕ್ಕೆ ಬಿಡದೆ ತರಗತಿಯಲ್ಲಿ ಎಲ್ಲರೆದುರು, "ಯಾರದ್ದು ನೋಡಿ ಬರೆದೆ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ತಪ್ಪೊಪ್ಪಿಕೊಂಡ ಎಂದುಕೊಂಡೆ.

ಆ ರಾತ್ರಿ ಮರುಪರೀಕ್ಷೆಗೆಂದು ಅದೇ ಲೆಕ್ಕದ ಅಂಕಿ ಬದಲಿಸಲು ಕೂತೆ. ಐದರ ಬದಲು ಹತ್ತು ಕಿಲೋ. ೮೦ ಜೂಲ್, ೪೦ ನ್ಯೂಟನ್, ಮತ್ತೆ ಎರಡೇ ಮೀಟರ್. ಎಲ್ಲೋ ಗುಣಾಕಾರ ತಪ್ಪಿತು ಎಂದು ಐವತ್ತು ಕಿಲೋ ಹಾಕಿದೆ. ೪೦೦ ಜೂಲ್, ೨೦೦ ನ್ಯೂಟನ್. ಎರಡೇ ಮೀಟರ್! ಪೆನ್ನು ಕೆಳಗಿಟ್ಟೆ. ಭಾರ ಹೆಚ್ಚಿದಷ್ಟೂ ಶಕ್ತಿಯೂ ಹೆಚ್ಚು, ತಡೆಯುವ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚು. ತಕ್ಕಡಿಯ ಎರಡೂ ಕಡೆ ಒಂದೇ ಕಲ್ಲಿದ್ದರೆ ಎರಡನ್ನೂ ತೆಗೆದಿಡಬಹುದು. ಹುಡುಗ ತೆಗೆದಿಟ್ಟಿದ್ದ. ಉಳಿದದ್ದು ವೇಗದ ವರ್ಗ ಹದಿನಾರು, ಕೆಳಗೆ ಎರಡು, ಹತ್ತು ಮತ್ತು ಐದರಲ್ಲಿ ಎರಡರ ಗುಣಲಬ್ಧ ಎಂಟು. ಅವನು ಗೈಡಿಗಿಂತ ಚೆನ್ನಾಗಿ ಬಿಡಿಸಿದ್ದ. ನನ್ನ ಕಿವಿ ಬಿಸಿಯಾಯಿತು. ಅದು ಯಾವ ಘರ್ಷಣೆಯ ಬಿಸಿ ಎಂದು ಬಿಡಿಸಿ ಹೇಳಬೇಕಿಲ್ಲ.

ಬೆಳಿಗ್ಗೆ ಶಾಲೆಗೆ ಹೋಗುವಾಗ ಒಂದು ಉಪಾಯ ಹೊಳೆಯಿತು. ಅವನನ್ನು ಸ್ಟಾಫ್ ರೂಮಿಗೆ ಕರೆದು ಗುಟ್ಟಾಗಿ ಅಂಕ ತಿದ್ದಿಬಿಡೋಣ. ವಿಜ್ಞಾನದ ಮೇಡಂ ಅಲ್ಲ ಎಂದು ಮೊದಲೇ ಗೊತ್ತಿರುವ ಮಕ್ಕಳೆದುರು ಮಾನ ಉಳಿಯುತ್ತದೆ. ಗೇಟಿನವರೆಗೂ ಹಾಗೇ ಅಂದುಕೊಂಡೆ. ಆದರೆ ಬೈದದ್ದು ಎಲ್ಲರೆದುರು ಅಲ್ಲವೇ? ಜಮಾ ಒಂದು ಪುಸ್ತಕದಲ್ಲಿ, ಖರ್ಚು ಇನ್ನೊಂದರಲ್ಲಿ ಬರೆದರೆ ಲೆಕ್ಕ ಕೂಡುವುದು ಹೇಗೆ?

ತರಗತಿಯಲ್ಲಿ ಹೇಳಿದೆ: "ನಿನ್ನೆ ತಪ್ಪು ಮಾಡಿದ್ದು ನಾನು. ಇವನ ಲೆಕ್ಕ ಸರಿ." ಅವನನ್ನೇ ಕರೆದು ಸೀಮೆಸುಣ್ಣ ಕೊಟ್ಟೆ. ಎರಡೂ ಕಡೆಯ ದ್ರವ್ಯರಾಶಿಯನ್ನು ಅವನು ಒಂದೊಂದು ಗೀಟು ಎಳೆದು ಹೊಡೆದುಹಾಕಿದ. ಹಲಗೆಯ ಮೇಲೆ ಅಷ್ಟು ಚಿಕ್ಕ ಗೀಟುಗಳು.

"ನಿನ್ನೆಯೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಕೆಂಪು ಇಂಕಲ್ಲಿ ಬರೆದಿದ್ರಿ ಮಿಸ್. ನಂದೇ ತಪ್ಪಿರ್ಬೇಕು ಅನ್ಕೊಂಡೆ."

ಆ ಮಾತಿನ ಲೆಕ್ಕ ನನಗಿನ್ನೂ ಬಗೆಹರಿದಿಲ್ಲ. ಅದಕ್ಕೂ ಹಿಂದಿನ ಇಷ್ಟು ವರ್ಷಗಳಲ್ಲಿ ಎಷ್ಟು ಮಕ್ಕಳು ಸರಿಯಾದ ಉತ್ತರ ಬರೆದು, ನನ್ನ ಶಾಯಿ ನೋಡಿ ತಮ್ಮದೇ ತಪ್ಪು ಎಂದುಕೊಂಡು ಸುಮ್ಮನಾದರೋ! ಮರುವರ್ಷ ವಿಜ್ಞಾನಕ್ಕೆ ಹೊಸ ಮೇಷ್ಟರು ಬಂದರು, ನಾನು ಹೊಯ್ಸಳರ ಬಳಿಗೆ ಮರಳಿದೆ. ಆದರೆ ಅಂದಿನಿಂದ ಉತ್ತರಪತ್ರಿಕೆ ತಿದ್ದುವಾಗ ಮೊದಲ ಸುತ್ತಿಗೆ ಸೀಸದ ಕಡ್ಡಿ ಹಿಡಿಯುತ್ತೇನೆ. ಕೆಂಪು ಪೆನ್ನು ಮಾರನೆಯ ಬೆಳಿಗ್ಗೆ.