ಮಿಶಿಗನ್ ಅವೆನ್ಯೂದ ಎದುರುಬದುರು ಮನೆಗಳು

ಷಿಕಾಗೊಗೆ ಹೋದ ನಮ್ಮವರು ಮಿಶಿಗನ್ ಅವೆನ್ಯೂದ ಆರ್ಟ್ ಇನ್‌ಸ್ಟಿಟ್ಯೂಟ್ ಮುಂದೆ ನಿಂತು ಕೈಮುಗಿಯದೆ ಬರುವುದಿಲ್ಲ. 1893ರಲ್ಲಿ ವಿವೇಕಾನಂದರು ಮಾತಾಡಿದ ಕಟ್ಟಡ ಅದು. ನಾನೂ ಕೈಮುಗಿದೆ. ಆಮೇಲೆ ಅದೇ ರಸ್ತೆ ಹಿಡಿದು ದಕ್ಷಿಣಕ್ಕೆ ಆರು ಕಿಲೋಮೀಟರ್ ಹೋದೆ. ಮುಗಿಲೆತ್ತರದ ಕಟ್ಟಡಗಳು ಮರೆಯಾಗಿ ಹಳೆಯ ಇಟ್ಟಿಗೆ ಮನೆಗಳು, ನಡುನಡುವೆ ಖಾಲಿ ನಿವೇಶನಗಳು ಬಂದವು. ಇದು ಬ್ರಾಂಜ್‌ವಿಲ್, ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಕಪ್ಪು ಜನ ನೆಲೆನಿಂತ ಜಾಗ.

3831ನೇ ನಂಬರಿನ ಮನೆಯೇ ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರ್. ಒಳಗೆ ಗೋಡೆಗೆ ಹೊದಿಸಿದ ಮರದ ಹಲಗೆಗಳ ತುಂಬ ಮೊಳೆಯ ತೂತುಗಳು. ಎಂಟು ದಶಕಗಳಿಂದ ಚಿತ್ರ ತೂಗುಹಾಕಿ ಇಳಿಸಿದ ಗುರುತು. ಚಿತ್ರಗಳಿಗಿಂತ ಹೆಚ್ಚು ಹೊತ್ತು ಅವನ್ನೇ ನೋಡುತ್ತ ನಿಂತೆ. ಗ್ವೆಂಡಲಿನ್ ಬ್ರೂಕ್ಸ್ ಕವಿತೆಯ ಪಾಠ ಕೇಳಿದ್ದು ಇಲ್ಲೇ. ಮುಂದೆ, 1950ರಲ್ಲಿ, ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ ಅವರಾದರು.

ಈ ಮನೆ ಕೊಳ್ಳಲು ದುಡ್ಡು ಕೂಡಿಸಿದವರಲ್ಲಿ ಇಪ್ಪತ್ತರ ಹರೆಯದ ಕಲಾವಿದೆ ಮಾರ್ಗರೆಟ್ ಬರೋಸ್ ಒಬ್ಬರು. ಡಬ್ಬಿ ಹಿಡಿದು ಬೀದಿ ಮೂಲೆಯಲ್ಲಿ ನಿಂತರು. ಬೇಡಿದ್ದು ಹತ್ತು ಸೆಂಟಿನ ನಾಣ್ಯ, ಅಭಿಯಾನದ ಹೆಸರು ‘ಮೈಲಿಯುದ್ದ ಡೈಮ್’. ಒಂದು ಮೈಲಿ ಜೋಡಿಸಲು ಸುಮಾರು 90 ಸಾವಿರ ನಾಣ್ಯ ಬೇಕು! 1941ರ ಮೇ ತಿಂಗಳಲ್ಲಿ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಬಂದು ಕೇಂದ್ರವನ್ನು ಲೋಕಾರ್ಪಣೆ ಮಾಡಿದರು. ಎರಡೇ ವರ್ಷಕ್ಕೆ ಸರ್ಕಾರದ ಹಣ ನಿಂತಿತು. ಬಾಗಿಲು ಮುಚ್ಚದಂತೆ ಹೊತ್ತು ನಡೆಸಿದ್ದರಲ್ಲಿ ಬಡಾವಣೆಯ ಹೆಂಗಸರದು ದೊಡ್ಡ ಪಾಲು; ವರ್ಷಕ್ಕೊಮ್ಮೆ ವೇಷಭೂಷಣದ ನೃತ್ಯಕೂಟ ನಡೆಸಿ ಕಾಸು ಕೂಡಿಸುತ್ತಿದ್ದರು.

ಕಮ್ಯುನಿಸ್ಟರೆಂದು ಎಲ್ಲರನ್ನೂ ಶಂಕಿಸುತ್ತಿದ್ದ ಐವತ್ತರ ದಶಕದಲ್ಲಿ ಮಾರ್ಗರೆಟ್ ತಾವೇ ಕಟ್ಟಿದ ಕೇಂದ್ರದಿಂದ ದೂರವಾಗಬೇಕಾಯಿತು. ಹೈಸ್ಕೂಲು ಶಿಕ್ಷಕಿಯಾಗಿ ದುಡಿಯುತ್ತಲೇ ಅವರು 1961ರಲ್ಲಿ ಗಂಡ ಚಾರ್ಲ್ಸ್ ಜತೆ ರಸ್ತೆಯಾಚೆಯ ತಮ್ಮ ಮನೆಯಲ್ಲೇ ಮ್ಯೂಸಿಯಂ ತೆರೆದರು. ಮನೆ ನಂಬರ್ 3806. ಮನೆಯ ನೆಲಮಹಡಿಯ ಕೋಣೆಗಳಲ್ಲಿ ಒಂದು ಜನಾಂಗದ ಚರಿತ್ರೆ! ಎರಡೂ ಬಾಗಿಲುಗಳ ನಡುವೆ ರಸ್ತೆ ದಾಟುವಾಗ ನನಗೆ ಗಂಟಲು ಕಟ್ಟಿತು. 1973ರಲ್ಲಿ ವಾಷಿಂಗ್ಟನ್ ಪಾರ್ಕಿಗೆ ಸೇರಿದ ಆ ಸಂಗ್ರಹವೇ ಇಂದಿನ ಡುಸಾಬಲ್ ಮ್ಯೂಸಿಯಂ.

ಸಂಜೆ ಮಿಶಿಗನ್ ಸರೋವರದ ದಡಕ್ಕೆ ಹೋದೆ. 1919ರಲ್ಲಿ, 29ನೇ ಬೀದಿಯ ಬಳಿ, ಬಿಳಿಯರ ನೀರಿನತ್ತ ತೇಲಿಹೋದನೆಂದು ಯೂಜೀನ್ ವಿಲಿಯಮ್ಸ್ ಎಂಬ ಕಪ್ಪು ಹುಡುಗನಿಗೆ ಕಲ್ಲೆಸೆದರು. ಅವನು ಮುಳುಗಿ ಸತ್ತ. ಆಮೇಲಿನ ದಂಗೆಯಲ್ಲಿ 38 ಮಂದಿ ಸತ್ತರು. ಅಲ್ಲಿಂದ ಕೂಗಳತೆಯಲ್ಲಿರುವ 31ನೇ ಬೀದಿಯ ಕಡಲತಡಿಯಂಥ ಮರಳ ದಂಡೆಗೆ ಈಗ ಮಾರ್ಗರೆಟ್ ಬರೋಸ್ ಹೆಸರಿದೆ.