ನೀರ ಮೇಲಿನ ರನ್‌ವೇ

ನಾನಿರುವುದು ಕೊಡಿಯಾಲ್‌ಬೈಲಿನಲ್ಲಿ. ಕೊಂಕಣಿಯವರ ಬಾಯಲ್ಲಿ ಮಂಗಳೂರೆಂದರೆ ಕೊಡಿಯಾಲ; ಬೈಲೆಂದರೆ ತಗ್ಗಿನ ಗದ್ದೆ. ನಮ್ಮ ಜಿಲ್ಲೆಯ ಗದ್ದೆಗಳಲ್ಲಿ ಮೂರು ಜಾತಿ: ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ಬೆಟ್ಟು, ಎರಡು ಕೊಡುವ ಮಜಲು, ಮೂರನೆಯದಕ್ಕೂ ನೀರು ಉಳಿಸಿಕೊಳ್ಳುವ ಬೈಲು. ಈಗ ನಮ್ಮ ಬೈಲಿನಲ್ಲಿ ಅಪಾರ್ಟ್‌ಮೆಂಟು ಬಿಟ್ಟರೆ ಬೇರೆ ಬೆಳೆಯಿಲ್ಲ. ಜೈಲ್ ರಸ್ತೆಯ ಬದಿ ನಿಂತು ಕಣ್ಣು ಓಡಿಸಿದರೆ ಅದು ಎದುರು ಬಾಲ್ಕನಿಯಲ್ಲಿ ಒಣಗುವ ಲುಂಗಿಗೆ ಬಡಿದು ವಾಪಸು ಬರುತ್ತದೆ. ಬಯಲು ಹೆಸರಿನಲ್ಲಿ ಮಾತ್ರ ಉಳಿದ ಊರಲ್ಲಿ ಇದ್ದದ್ದಕ್ಕೋ ಏನೋ, ನನಗೆ ಬಯಲಿನ ಹುಚ್ಚು ಹಿಡಿಯಿತು. ವಚನಕಾರರ ಬಯಲಲ್ಲ, ಅಷ್ಟು ಯೋಗ್ಯತೆ ನನಗಿಲ್ಲ. ಯುದ್ಧಕಾಲದಲ್ಲಿ ವಿಮಾನ ಇಳಿಯಲೆಂದು ಮಾಡಿ, ಯುದ್ಧ ಮುಗಿದದ್ದೇ ಬಿಟ್ಟುಹೋದ ಬಯಲು.

ಹುಚ್ಚಿನ ಬೀಜ ಬಿದ್ದದ್ದು ಬಜಪೆಯಲ್ಲಿ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟ ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದ ನಿಲ್ದಾಣ ಅದು. ಪದವಿನ, ಎಂದರೆ ಗುಡ್ಡದ, ನೆತ್ತಿ ತಟ್ಟಿ ಮಾಡಿದ್ದು. ರನ್‌ವೇ ಮುಗಿದಲ್ಲಿ ಕಣಿವೆ. ಹಳೆಯ ರನ್‌ವೇ 1,615 ಮೀಟರ್, 2006ರಲ್ಲಿ ಬಂದ ಹೊಸತು 2,450 ಮೀಟರ್. ಚಿಕ್ಕವನಿದ್ದಾಗ ಬೇಲಿಯಾಚೆ ನಿಂತು ವಿಮಾನ ನೋಡುತ್ತಿದ್ದೆ. ಆಮೇಲೆ ತಿಳಿಯಿತು, ನಾನು ನೋಡುತ್ತಿದ್ದದ್ದು ವಿಮಾನವನ್ನಲ್ಲ. ಅದು ಹೋದ ಮೇಲೆ ಉಳಿಯುವ ಆ ಉದ್ದದ ಖಾಲಿಯನ್ನು.

ಈ ಹವ್ಯಾಸದ ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ. ಊಟ ಮುಗಿಸಿ ಮೊಬೈಲಿನಲ್ಲಿ ಉಪಗ್ರಹದ ನಕ್ಷೆ ತೆರೆದು ಕುಳಿತರೆ ನಿದ್ದೆ ಬರುವವರೆಗೆ ನೇರ ಗೆರೆ ಹುಡುಕುವುದು. ಕಾಲುವೆಯೂ ನೇರ, ರೈಲು ಹಳಿಯೂ ನೇರ. ಆದರೆ ಹಳಿ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ. ರನ್‌ವೇ ಹಾಗಲ್ಲ, ಹೊಲದ ನಡುವೆ ಧುತ್ತೆಂದು ಶುರುವಾಗಿ ಧುತ್ತೆಂದು ನಿಲ್ಲುತ್ತದೆ. ಯಾವ ಊರಿಗೂ ಹೋಗದ ರಸ್ತೆ. ಅಂಥದೊಂದು ಬೂದುಬಣ್ಣದ ಗೀಟು ಕಂಡಿತೆಂದರೆ ಮರುದಿನ ಬಸ್ಸಿನ ಟಿಕೆಟು ವಿಚಾರಿಸುತ್ತೇನೆ.

ದುಃಖವೆಂದರೆ, ಟಿಕೆಟು ಯಾವಾಗಲೂ ಘಟ್ಟದ ಮೇಲಕ್ಕೇ. 1942ರ ಮಾರ್ಚಿನಲ್ಲಿ ರಂಗೂನ್ ಬಿತ್ತು. ಏಪ್ರಿಲ್ 5ಕ್ಕೆ ಜಪಾನೀ ವಿಮಾನಗಳು ಕೊಲಂಬೊ ಮೇಲೆ ಎರಗಿದವು, ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿತ್ತು. ಹೆದರಿಕೆ ಇದ್ದದ್ದು ಪೂರ್ವದ ಕಡಲಿನಿಂದ. ಹಾಗಾಗಿ ಮದ್ರಾಸ್ ಕಡೆಯ ಬಯಲುಗಳಲ್ಲಿ ಕಾಂಕ್ರೀಟು ಸುರಿದರು. ಬೆಳಗಾವಿಯ ಸಾಂಬ್ರಾದಲ್ಲಿ ನಿಲ್ದಾಣ ಎದ್ದಿತು; ಯಲಹಂಕದಲ್ಲಿ ಮರದ ಮೈಯ ಮಸ್ಕಿಟೋ, ಕೋಲಾರದಲ್ಲಿ ನಾಲ್ಕು ಎಂಜಿನಿನ ಲಿಬರೇಟರ್ ಹಾರಿಸಲು ಹುಡುಗರನ್ನು ತಯಾರು ಮಾಡಿದರು. ನಮ್ಮ ಪದವುಗಳು ಗೇರುಮರಕ್ಕೆ ಉಳಿದವು.

ಹೀಗೆ ಹುಡುಕಿಕೊಂಡು ಹೋದವುಗಳಲ್ಲಿ ಮನಸ್ಸಿಗೆ ಅಂಟಿದ್ದು ಚೆನ್ನೈ–ತಿರುಚ್ಚಿ ಹೆದ್ದಾರಿಯ ಉಳುಂದೂರುಪೇಟೆ. ದೂರದಿಂದ ಏನೂ ಕಾಣುವುದಿಲ್ಲ. ಗೋಪುರವಿಲ್ಲ, ಗೋಡೆಯಿಲ್ಲ. ಹಂಪಿಗೆ ಹೋದವರಿಗೆ ತಲೆ ಎತ್ತುವ ಸುಖ. ನಮ್ಮದು ತಲೆ ತಗ್ಗಿಸುವ ಕೆಲಸ. ಕಾಂಕ್ರೀಟನ್ನು ಒಂದೇ ಚಾಪೆಯಾಗಿ ಹಾಸಿದ್ದಲ್ಲ, ಚಪ್ಪಡಿ ಚಪ್ಪಡಿಯಾಗಿ ಎರಕ ಹೊಯ್ದದ್ದು. ಬಿಸಿಲಿಗೆ ಹಿಗ್ಗಲು ಜಾಗವಿರಲಿ ಎಂದು ಚಪ್ಪಡಿಗಳ ನಡುವೆ ಬೆರಳಗಲ ಬಿಟ್ಟು ಡಾಂಬರು ತುಂಬುವುದು ಇದರ ಕ್ರಮ. ಡಾಂಬರು ಒಣಗಿ ಸಿಡಿದಲ್ಲಿ ಮಣ್ಣು ಕೂತಿತ್ತು, ಮಣ್ಣಿನಲ್ಲಿ ಹುಲ್ಲು ಕೂತಿತ್ತು. ಬೂದುಬಣ್ಣದ ಮೇಲೆ ಅಡಿಕೋಲಿಟ್ಟು ಗೀಚಿದಂತೆ ಹಸಿರು ಚೌಕಗಳು. ಚಪ್ಪಡಿಯನ್ನು ಅಲ್ಲಾಡಿಸಲು ಹುಲ್ಲಿಗೆ ಆಗಿಲ್ಲ, ಹುಲ್ಲನ್ನು ಓಡಿಸಲು ಚಪ್ಪಡಿಗೂ ಆಗಿಲ್ಲ. ಎಂಬತ್ತು ವರ್ಷದ ಸಂಸಾರ.

ನನಗೊಂದು ಪದ್ಧತಿ ಉಂಟು. ತುದಿಯಲ್ಲಿ ನಿಂತು ರನ್‌ವೇಯ ಉದ್ದಕ್ಕೆ ಮುಖ ಮಾಡಿ ದಿಕ್ಸೂಚಿ ಹಿಡಿಯುವುದು. ಬಂದ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ಸರಿಸಿ ಕೊನೆಯ ಸೊನ್ನೆ ಬಿಟ್ಟರೆ ಅದೇ ರನ್‌ವೇಯ ನಂಬರು. ಬಜಪೆಯ ಹಳತು 09, ಅಂದರೆ 90 ಡಿಗ್ರಿ, ನೇರ ಪೂರ್ವ. ಆಚೆ ತುದಿಯಿಂದ ನೋಡಿದರೆ 27. ಹೊಸತಕ್ಕೆ 06 ಮತ್ತು 24. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದೆಕೊಟ್ಟು. ಹಾಗಾಗಿ ರನ್‌ವೇ ಎಂದರೆ ಆ ಊರಿನ ಗಾಳಿಯ ಜಾತಕ. ಬಣ್ಣ ಅಳಿಸಿಹೋದ ನಂಬರನ್ನು ಹೀಗೆ ಲೆಕ್ಕಹಾಕಿ ಪಡೆಯುವಾಗ, ಶಾಸನದ ಸವೆದ ಅಕ್ಷರ ಓದಿದವನ ಹೆಮ್ಮೆ ನನಗೆ.

ಆವತ್ತು ನಾನು ಬಗ್ಗಿ ಬಗ್ಗಿ ನೋಡುತ್ತಾ ಅರ್ಧ ದಾರಿ ನಡೆದದ್ದನ್ನು ಒಬ್ಬ ಆಡು ಕಾಯುವವ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಹತ್ತಿರ ಬಂದು ಏನು ಕಳೆದುಕೊಂಡಿರಿ ಎಂದು ತಮಿಳಿನಲ್ಲಿ ಕೇಳಿದ. ನನ್ನ ಹರಕು ತಮಿಳಿನಲ್ಲಿ ಏನೂ ಇಲ್ಲ ಎಂದೆ. ಆತನೂ ಸ್ವಲ್ಪ ದೂರ ಜೊತೆಗೆ ಹುಡುಕಿದ.

ಮನೆಗೆ ಬಂದು ಫೋಟೋ ತೋರಿಸಿದರೆ ಹೆಂಡತಿ ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, "ಹಪ್ಪಳ ಒಣಗಿಸಲಿಕ್ಕೆ ಭಾರೀ ಒಳ್ಳೆ ಜಾಗ ಮಾರಾಯ್ರೆ" ಎಂದಳು. ನಕ್ಕುಬಿಟ್ಟೆ. ಆದರೆ ಯೋಚಿಸಿದರೆ, ಬಿಟ್ಟುಹೋದ ರನ್‌ವೇಗೆ ಜನ ಕಟ್ಟುವ ಬೆಲೆ ಹೀಗೇ. ಚೆನ್ನೈ ಹತ್ತಿರದ ಶೋಳಾವರಂನಲ್ಲಿ ಯುದ್ಧದ ರನ್‌ವೇಗಳ ಮೇಲೆ ದಶಕಗಳ ಕಾಲ ಕಾರು, ಬೈಕು ರೇಸ್ ನಡೆಯಿತು. ಗಟ್ಟಿ ನೆಲ ಸಿಕ್ಕಿದರೆ ಯಾರೂ ಬಿಡುವುದಿಲ್ಲ.

ಹಾಗಾದರೆ ನೆಲವೇ ಇಲ್ಲದ ರನ್‌ವೇಯ ಕಥೆ ಏನು? ಅಂಥದೊಂದು ನಮ್ಮ ರಾಜ್ಯದಲ್ಲೇ ಉಂಟು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುಮಾಡಿದರು. 1943ರಲ್ಲಿ ಅದು ಅಮೆರಿಕನ್ ವಾಯುಪಡೆಯ ಕೈಗೆ ಹೋಗಿ ದೊಡ್ಡ ರಿಪೇರಿ ಅಂಗಡಿಯಾಯಿತು. ರಿಪೇರಿಗೆ ಬರುತ್ತಿದ್ದವುಗಳಲ್ಲಿ ಕ್ಯಾಟಲೀನಾ ಒಂದು. ಹೊಟ್ಟೆ ದೋಣಿಯದು, ಬೆನ್ನ ಮೇಲೆ 104 ಅಡಿ ಹರವಿನ ರೆಕ್ಕೆ. ರೆಕ್ಕೆಯ ತುದಿಗಳಲ್ಲಿ ನೇತಾಡುವ ಎರಡು ತೇಲುಬುರುಡೆಗಳು. ಹಾರುವಾಗ ಅವು ಮೇಲಕ್ಕೆ ಮಡಚಿಕೊಂಡು ರೆಕ್ಕೆಯ ತುದಿಯೇ ಆಗಿಬಿಡುತ್ತವೆ. ಕಡಲ ಮೇಲೆ ಇಳಿಯುವ ಈ ಹಕ್ಕಿಗೆ ಕಡಲಿಲ್ಲದ ಬೆಂಗಳೂರಿನಲ್ಲಿ ಒದಗಿದ್ದು ಬೆಳ್ಳಂದೂರು ಕೆರೆ.

ಕಡಲೂರಿನವನಾದ ನಾನು ಕಡಲವಿಮಾನದ ಜಾಡು ಹಿಡಿದು ಕೆರೆಗೆ ಹೋದದ್ದು ಒಂದು ಭಾನುವಾರ. ಊರೆಲ್ಲ ತೊಳೆದ ನೀರು ಹರಿದು ಸೇರುವ ಕೆರೆ ಅದು. ನೊರೆಗೂ 2017, 2018ರ ಬೆಂಕಿಗೂ ದೇಶದಲ್ಲೆಲ್ಲ ಹೆಸರುವಾಸಿಯಾಗಿತ್ತು. ಕಳೆಯೂ ಹೂಳೂ ತುಂಬಿದ ಬಯಲು, ಆಚೆ ದಡದಲ್ಲಿ ಗಾಜಿನ ಕಟ್ಟಡಗಳು. ಅಭ್ಯಾಸಬಲದಿಂದ ದಿಕ್ಸೂಚಿ ತೆಗೆದೆ. ಎಲ್ಲಿಗೆ ಹಿಡಿಯಲಿ? ಕೆರೆಗೆ ನಂಬರಿಲ್ಲ. ಆವತ್ತಿನ ಗಾಳಿ ಯಾವ ಕಡೆಗೋ ಆವತ್ತಿನ ರನ್‌ವೇ ಆ ಕಡೆಗೆ. ವಿಮಾನ ಹೊಟ್ಟೆಯೂರಿ ನೀರು ಸೀಳುವಾಗ ಹುಟ್ಟಿ, ಅದು ನಿಲ್ಲುವಷ್ಟರಲ್ಲಿ ಹಿಂದಿನಿಂದಲೇ ಕೂಡಿಕೊಳ್ಳುವ ಗೆರೆ.

ನೀರ ಮೇಲೆ ಗೆರೆ ಎಳೆದಂತೆ ಎಂದು ಬೈಯುವುದನ್ನು ಕೇಳಿ ಬೆಳೆದವ ನಾನು. ಆ ಗೆರೆಯ ಮೇಲೇ ಟನ್ನುಗಟ್ಟಲೆ ಲೋಹ ಬಂದು ಇಳಿಯುತ್ತಿತ್ತು ಎಂದು ಆ ಮಾತು ಮಾಡಿದವರಿಗೆ ಗೊತ್ತಿರಲಿಲ್ಲ. ಉಳುಂದೂರುಪೇಟೆಯಲ್ಲಿ ತಲೆ ತಗ್ಗಿಸಲು ಚಪ್ಪಡಿಯಾದರೂ ಇತ್ತು. ಇಲ್ಲಿ ನೋಡಲು ಎಂತದೂ ಇಲ್ಲ. ಆದರೂ ಒಂದು ಗಂಟೆ ಕಳೆದದ್ದು ತಿಳಿಯಲಿಲ್ಲ. ಅವಶೇಷವೆಂಬುದು ನನಗೊಂದು ನೆಪ ಎಂದು ಹೊಳೆದದ್ದು ಅಲ್ಲೇ. ಕಣ್ಣಿಗೆ ಓಡಲು ಜಾಗ ಬೇಕಿತ್ತು, ಅಷ್ಟೆ. ಆಡು ಕಾಯುವವನಿಗೆ ಕೊಡಬೇಕಿದ್ದ ಉತ್ತರವೂ ಅದೇ: ಕಳೆದದ್ದು ಬೈಲು.

ಮೇ ತಿಂಗಳಲ್ಲಿ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಹಲಸಿನ ಹಪ್ಪಳ ಒಣಗುತ್ತದೆ. ಚಾಪೆ, ಚಾಪೆಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಸಾಲು ಸಾಲು ಹಪ್ಪಳ. ಸಾಲಿನ ನಡುವೆ ಬೆರಳಗಲ ಜಾಗ. ಕಾಗೆ ಓಡಿಸುವ ಕೆಲಸ ನನ್ನದು. ಕೊಡಿಯಾಲ್‌ಬೈಲಿನಲ್ಲಿ ಉಳಿದಿರುವ ಬೈಲು ಇದೊಂದೇ ಎಂದು ಈಗೀಗ ಗೊತ್ತಾಗಿದೆ. ಮೊನ್ನೆ ಸಂಜೆ ಮೋಡ ಕಟ್ಟಿತು. "ಗಾಳಿ ಎಲ್ಲಿಂದ, ಸ್ವಲ್ಪ ನೋಡಿ" ಎಂದು ಹೆಂಡತಿ ಮೆಟ್ಟಿಲ ಕೆಳಗಿನಿಂದ ಕೂಗಿದಳು. ದಿಕ್ಸೂಚಿ ತೆಗೆದು, ಗಾಳಿಗೆ ಎದೆಕೊಟ್ಟು ನಿಂತೆ. 240 ಡಿಗ್ರಿ.

"ಇಪ್ಪತ್ತನಾಲ್ಕು" ಎಂದೆ.

"ಹಾಗೆಂದರೆ ಹಪ್ಪಳ ತೆಗೆಯುವುದಾ, ಬೇಡವಾ?"