ಚಿಗುರಿನ ಮೇಲೆ ಬಿಳುಪು

ಫಾಲ್ಗುಣ ಮುಗಿಯುವ ಹೊತ್ತಿಗೆ ಬಾದಾಮಿಯ ಗುಡ್ಡಗಳು ಬೋಳಾಗಿರುತ್ತವೆ. ಮುತ್ತಲದ ಟೊಂಗೆಯಲ್ಲಿ ಎಲೆಯಿಲ್ಲ, ಕೆಂಡದ ಬಣ್ಣದ ಹೂವಷ್ಟೇ. ಆ ಬೋಳು ಗುಡ್ಡ ದಾಟಿ ಮಹಾಕೂಟದ ಗುಡಿಗಳತ್ತ ಇಳಿದರೆ ಬೇರೆಯದೇ ಋತು. ಅಲ್ಲಿನ ವಿಷ್ಣು ಪುಷ್ಕರಣಿಗೆ ಬುಗ್ಗೆಯ ನೀರು, ಬೇಸಿಗೆಯಲ್ಲೂ ಬತ್ತದು. ಆ ತಂಪು ಉಂಡ ಮರಗಳು ಆಗಲೇ ಚಿಗುರಿರುತ್ತವೆ. ಅರಳಿಯ ಚಿಗುರಿಗೆ ತಾಮ್ರದ ಬಣ್ಣ, ಮಾವಿನದು ಕೆಂಗಂದು. ಒಂದೆಲೆ ಹಿಡಿದು ಬೆಳಕಿಗೆ ಒಡ್ಡಿ ನೋಡಿ: ನರ ನರವೂ ಕಾಣುತ್ತದೆ, ತುದಿ ಇನ್ನೂ ಸೆಟೆದಿಲ್ಲ, ಬಿಟ್ಟರೆ ಜೋತುಬೀಳುತ್ತದೆ.

ಅಮೆರಿಕದ ಮೇಪಲ್ ಮರಗಳು ಅಕ್ಟೋಬರಿನಲ್ಲಿ ಕೆಂಪಾಗುವ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಆ ಕೆಂಪು, ನಮ್ಮ ಚಿಗುರಿನ ಈ ಕೆಂಪು, ಎರಡೂ ಆಂಥೋಸಯನಿನ್ ಎಂಬ ಒಂದೇ ಬಗೆಯ ಬಣ್ಣ. ಎಳೆ ಎಲೆಗೆ ಹಸಿರು ತುಂಬುವ ತನಕ ಬಿಸಿಲಿಗೆ ಅದು ಮರೆ. ಅಲ್ಲಿ ಎಲೆ ಹೋಗುವಾಗ ಉಡುವ ಬಣ್ಣವನ್ನು ಇಲ್ಲಿ ಎಲೆ ಬರುವಾಗಲೇ ಉಟ್ಟು ಬರುತ್ತದೆ. ನನಗೆ ಇದು ದೊಡ್ಡ ಸೋಜಿಗ.

ಅಲ್ಲಿ ಒಮ್ಮೆ ಎಲೆ ಉದುರುವ ಮೊದಲೇ ಹಿಮ ಬಿತ್ತು: 2011ರ ಅಕ್ಟೋಬರ್ 29. ದೀಪಾವಳಿ ಅಮಾವಾಸ್ಯೆ ಕಳೆದು ಮೂರೇ ದಿನ. ಮರುದಿನ ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ಅಣ್ಣನ ಮಗಳು ಫೋನು ಮಾಡಿದ್ದಳು. “ಕಾಕಾ, ಗಿಡದಾಗ ಇನ್ನೂ ಎಲಿ ಅದಾವ, ಆಗಲೇ ಹಿಮ ಬಿತ್ತರೀ. ರಾತ್ರಿಯೆಲ್ಲಾ ಟೊಂಗಿ ಮುರಿಯೋ ಸಪ್ಪಳ. ನಿದ್ದಿ ಹತ್ತಲಿಲ್ಲ.” ಬೋಳು ಮರಕ್ಕೆ ಹಿಮ ಅಷ್ಟು ಹೊರೆಯಲ್ಲ, ಹೆಚ್ಚಿನದು ಟೊಂಗೆಗಳ ನಡುವೆ ಜಾರಿ ಕೆಳಗೆ ಬೀಳುತ್ತದೆ. ಎಲೆಯಿದ್ದರೆ ಪ್ರತಿ ಎಲೆಯೂ ಒಂದೊಂದು ಹಿಡಿ ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಅದೂ ಒದ್ದೆ ಹಿಮ, ಭಾರ ಹೆಚ್ಚು. ಮ್ಯಾಸಚೂಸೆಟ್ಸ್‌ನ ಪೆರು ಎಂಬ ಊರಲ್ಲಿ 32 ಇಂಚು ಬಿತ್ತು. ಮುರಿದ ಮರಗಳು ತಂತಿಯ ಮೇಲೆ ಉರುಳಿ, ಆ ಸೀಮೆಯಲ್ಲೆಲ್ಲ 30 ಲಕ್ಷಕ್ಕೂ ಹೆಚ್ಚು ಕಡೆ ಕರೆಂಟು ಹೋಯಿತು. ಕೆಲವರಿಗೆ ಅದು ಬರಲು ವಾರ ದಾಟಿತು.

ಮಹಾಕೂಟಕ್ಕೆ ಹಿಮ ಬೀಳುವುದಿಲ್ಲ. ಆಣೆಕಲ್ಲು ಬೀಳುತ್ತದೆ, ಅದೂ ಚಿಗುರಿನ ಹೊತ್ತಿಗೇ. ಮಧ್ಯಾಹ್ನವೆಲ್ಲ ಕಾದ ನೆಲದ ಗಾಳಿ ಮೇಲೇರಿ ಮೋಡ ಎತ್ತರಕ್ಕೆ ಬೆಳೆಯುತ್ತದೆ. ಅದರೊಳಗೆ ಹನಿ ಹೆಪ್ಪುಗಟ್ಟಿ, ಗಾಳಿಗೆ ತೇಲಿ, ಪದರ ಪದರ ನೀರು ಮೆತ್ತಿಕೊಂಡು ತೂಕ ತಾಳದೆ ಇಳಿಯುತ್ತದೆ. ದೊಡ್ಡದೊಂದನ್ನು ಒಡೆದರೆ ಒಳಗೆ ಉಳ್ಳಾಗಡ್ಡಿಯ ಹಾಗೆ ಸುತ್ತುಗಳು. ಹುಡುಗರು ಬಾಯಿಗೆ ಹಾಕಿಕೊಳ್ಳುತ್ತಾರೆ, ಬುಟ್ಟಿ ಹಿಡಿದು ಆಯುತ್ತಾರೆ. ಅಂಗಳ ಹತ್ತು ನಿಮಿಷ ಬೆಳ್ಳಗಿರುತ್ತದೆ. ಆ ಬಿಳುಪಿನ ಮೇಲೆ ಕೆಂಪು ಚಿಗುರು ಚೂರು ಚೂರಾಗಿ ಬಿದ್ದಿರುತ್ತದೆ. ಚೆಲುವಾಗಿಯೇ ಕಾಣುತ್ತದೆ, ನೋಡುವಾಗ ಹೊಟ್ಟೆಯಲ್ಲಿ ಸಂಕಟ.

ಮಹಾಕೂಟೇಶ್ವರನ ಮರಳುಗಲ್ಲಿನ ಗುಡಿ ಚಾಲುಕ್ಯರ ಕಾಲದ್ದು. ಆ ವಂಶದ ಅರಸ ಮಂಗಳೇಶ ಇಲ್ಲಿ ನಿಲ್ಲಿಸಿದ್ದ ಶಾಸನದ ಕಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಹದಿನಾಲ್ಕು ಶತಮಾನ ಎಷ್ಟು ಆಣೆಕಲ್ಲು ಬಿದ್ದರೂ ಶಿಖರಗಳು ನಿಂತಿವೆ. ವಾರದ ಚಿಗುರಿಗೆ ಆ ಬಲ ಎಲ್ಲಿಯದು? ರೈತನಿಗೂ ಅದೇ ಹೊತ್ತು ಕೆಟ್ಟದ್ದು: ಕೊಯ್ದ ಬಿಳಿಜೋಳ ಕಣದಲ್ಲಿ, ಮಾವಿನಲ್ಲಿ ಹೀಚು, ತಾಡಪತ್ರಿ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 2014ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದಿಂದ ಉತ್ತರ ಕರ್ನಾಟಕದವರೆಗೆ ಆಣೆಕಲ್ಲು ಬೆಳೆಗಳನ್ನು ಹೊಡೆದುಹಾಕಿದ್ದನ್ನು ಈ ಕಡೆಯ ಒಕ್ಕಲಿಗರು ಮರೆತಿಲ್ಲ.

ಹರಿದ ಎಲೆ ಕೂಡುವುದಿಲ್ಲ. ಮತ್ತೆ ಚಿಗುರು ಬರುವ ತನಕ ಮರ ಉಳಿದ ಎಲೆಗಳಲ್ಲೇ, ತೂತುಬಿದ್ದವುಗಳಲ್ಲೂ, ಅನ್ನ ಮಾಡಿಕೊಳ್ಳಬೇಕು. ಆಣೆಕಲ್ಲು ಬಿದ್ದ ವರ್ಷ ಯುಗಾದಿಯ ತೋರಣಕ್ಕೆಂದು ಅಂಥ ಮಾವಿನ ಟೊಂಗೆ ಮುರಿಯಬೇಡಿ. ಏಟು ತಿನ್ನದ ಬೇರೆ ಮರದಿಂದ ನಾಲ್ಕೆಲೆ ತಂದು ಕಟ್ಟಿ, ಹಬ್ಬಕ್ಕೆ ಅಷ್ಟು ಸಾಕು.